ಎಂ2 ಇಳಿಸುವ ಮುಂಚೆ ಥರ್ಮಾಕೋಲ್ ತನ್ನಿ

ಪ್ರಶ್ನೆ: ಸರ್, ನನ್ನ ಹತ್ತಿರ 2024ರ ಬಿಎಂಡಬ್ಲ್ಯೂ ಎಂ2 ಇದೆ. ಟೈರಿಗೂ ಫೆಂಡರಿಗೂ ನಡುವೆ ಇರುವ ಗ್ಯಾಪ್ ನೋಡಿದರೆ ಬೇಜಾರಾಗುತ್ತದೆ. ಗಾಡಿಯನ್ನು ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್ ಹಾಕಿಸು, ಖರ್ಚು ಕಡಿಮೆ ಅಂತ ಒಬ್ಬ ಗೆಳೆಯ ಹೇಳುತ್ತಾನೆ. ಇಂಥ ಗಾಡಿಗೆ ಹಾಕಿದರೆ ಕಾಯಿಲ್‌ಓವರ್ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಸೇರಿದ ಸೆಟ್ಟು) ಹಾಕು, ಇಲ್ಲಾಂದ್ರೆ ಸುಮ್ನಿರು ಅಂತ ಇನ್ನೊಬ್ಬ. ವಾರವೆಲ್ಲ ಸಿಟಿ ಟ್ರಾಫಿಕ್ಕು, ಆಗೊಮ್ಮೆ ಈಗೊಮ್ಮೆ ಚಾರ್ಮಾಡಿ ಘಾಟಿ. ಟ್ರ್ಯಾಕಿಗೆ ಹೋಗುವ ಆಸೆ ಇದೆ, ಇನ್ನೂ ಹೋಗಿಲ್ಲ.
– ಓದುಗರು, ಜೆ.ಪಿ. ನಗರ, ಬೆಂಗಳೂರು

ಉತ್ತರ: ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ್ಯಾಂಪ್ ಹೇಗಿದೆ ಅಂತ ಇಬ್ಬರು ಗೆಳೆಯರೂ ಕೇಳಲಿಲ್ಲ, ಅಲ್ವಾ? ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

20 ಮಿ.ಮೀ. ದಪ್ಪದ ಥರ್ಮಾಕೋಲ್ ತನ್ನಿ. ಮುಂದಿನ ಬಂಪರಿನ ಕೆಳತುದಿಗೆ ಮತ್ತು ಗಾಡಿಯ ಹೊಟ್ಟೆ ಅತಿ ತಗ್ಗಿರುವ ಕಡೆ ಪಟ್ಟಿ ಕತ್ತರಿಸಿ ಟೇಪಿನಲ್ಲಿ ಅಂಟಿಸಿ. ಸೈಲೆನ್ಸರ್ ಪೈಪಿನ ಹತ್ತಿರ ಮಾತ್ರ ಬೇಡ, ಕರಗಿ ಹೊತ್ತಿಕೊಂಡೀತು. ಕೆಲವು ದಿನ ನಿಮ್ಮ ಬಡಾವಣೆಯಲ್ಲೇ ನಿಧಾನವಾಗಿ ಓಡಿಸಿ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು. ಪಟ್ಟಿ ಉಳಿದರೆ ಅಷ್ಟು ಇಳಿಸಬಹುದು. ಕಿತ್ತು ಹೋದರೆ ಗ್ಯಾಪ್ ಹಾಗೇ ಇರಲಿ. ರಸ್ತೆ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪುಸ್ತಕದ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಗಾಡಿ ಅದನ್ನು ಮೆಲ್ಲಗೆ ಹತ್ತಿ ಇಳಿಯುತ್ತದೆ. ರಾತ್ರೋರಾತ್ರಿ ಕಾಂಕ್ರೀಟ್ ಸುರಿದು ಹಂಪ್ ಕಟ್ಟುವವರು ಆ ಪುಸ್ತಕ ಓದಿದವರಲ್ಲ.

ಈಗ ಸ್ಪ್ರಿಂಗ್ ವಿಷಯ. ಐಬಾಕ್, ಎಚ್ ಅಂಡ್ ಆರ್ ಥರದ ಕಂಪನಿಗಳ ಸ್ಪ್ರಿಂಗ್ ಎತ್ತರದಲ್ಲಿ ಗಿಡ್ಡ, ಆದರೆ ಸ್ವಲ್ಪ ಗಟ್ಟಿ. ಗಟ್ಟಿ ಇರಲೇಬೇಕು. ಗಾಡಿ ಇಳಿದ ಮೇಲೆ ಚಕ್ರಕ್ಕೆ ಮೇಲೆ ಹೋಗಲು ಜಾಗ ಕಡಿಮೆ, ಮೆತ್ತಗಿದ್ದರೆ ಪ್ರತಿ ಗುಂಡಿಗೂ ಬಂಪ್ ಸ್ಟಾಪಿಗೆ (ಚಕ್ರ ಅತಿಯಾಗಿ ಮೇಲೇರದಂತೆ ತಡೆಯುವ ತುಂಡು) ಬಡಿಯುತ್ತದೆ. ಇನ್ನೊಂದು ಕಡೆ, ಬಿಎಂಡಬ್ಲ್ಯೂ ಕೊಟ್ಟ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಹೊಂದಿಸಿರುವುದು ಬಿಎಂಡಬ್ಲ್ಯೂ ಕೊಟ್ಟ ಸ್ಪ್ರಿಂಗಿಗೆ. ಸ್ಪ್ರಿಂಗ್ ಜಾಸ್ತಿ ಗಟ್ಟಿಯಾದರೆ ಡ್ಯಾಂಪರ್ ಅದನ್ನು ಹಿಡಿದಿಡಲಾರದು, ಗಾಡಿ ಕುಣಿಯುತ್ತದೆ. 15–20 ಮಿ.ಮೀ. ಇಳಿಸಿದರೆ ತೊಂದರೆ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. 30 ದಾಟಿದರೆ ಸೊಂಟಕ್ಕೇ ಗೊತ್ತಾಗುತ್ತದೆ.

ಕಾಯಿಲ್‌ಓವರ್‌ನಲ್ಲಿ ಸ್ಪ್ರಿಂಗೂ ಡ್ಯಾಂಪರೂ ಒಂದಕ್ಕೊಂದು ಹೊಂದಿಸಿ ಬರುತ್ತವೆ. ತಿರುಪು ತಿರುಗಿಸಿ ಎತ್ತರ ಬದಲಿಸಬಹುದು. ದುಬಾರಿ ಸೆಟ್ಟುಗಳಲ್ಲಿ ಡ್ಯಾಂಪರ್ ಒತ್ತುವಾಗಿನ ಬಿಗಿ, ಬಿಡುವಾಗಿನ ಬಿಗಿ ಬೇರೆ ಬೇರೆ ಸೆಟ್ ಮಾಡಬಹುದು. ಒಳ್ಳೆಯ ವಸ್ತು, ಅನುಮಾನವಿಲ್ಲ. ಆದರೆ ನಿಮ್ಮ ಎಂ2ಗೆ ಕಂಪನಿಯೇ ಎಲೆಕ್ಟ್ರಾನಿಕ್ ಅಡಾಪ್ಟಿವ್ ಡ್ಯಾಂಪರ್ ಕೊಟ್ಟಿದೆ. ಮೆನುವಿನಲ್ಲಿ ಕಂಫರ್ಟ್ ಒತ್ತಿದಾಗ ಮೆತ್ತಗಾಗುವುದು ಅದೇ. ಅದನ್ನು ಬಿಚ್ಚಿ ಸಾದಾ ಕಾಯಿಲ್‌ಓವರ್ ಹಾಕಿದರೆ ಡ್ಯಾಶ್‌ಬೋರ್ಡಿನಲ್ಲಿ ಎರರ್. ಅದನ್ನು ಸುಮ್ಮನಿರಿಸಲು ಇನ್ನೊಂದು ಮಾಡ್ಯೂಲ್. ಕಂಫರ್ಟ್ ಬಟನ್ ಹೆಸರಿಗಷ್ಟೇ ಉಳಿಯುತ್ತದೆ. ಕಾಯಿಲ್‌ಓವರ್‌ನ ಎತ್ತರ, ಬಿಗಿ ತಿರುಗಿಸಿ ಹೊಂದಿಸುವ ಉತ್ಸಾಹ ಮೊದಲ ತಿಂಗಳು ಇರುತ್ತದೆ. ಆಮೇಲೆ ಯಾರೂ ಜ್ಯಾಕ್ ಹತ್ತಿರ ಸುಳಿಯುವುದಿಲ್ಲ. ನನ್ನ ಗ್ಯಾರೇಜಿನ ಗಿರಾಕಿಗಳನ್ನು ನೋಡಿಯೇ ಹೇಳುತ್ತಿದ್ದೇನೆ.

ಇಬ್ಬರು ಗೆಳೆಯರೂ ಹೇಳದ ದಾರಿ ಒಂದಿದೆ. ಕೆಡಬ್ಲ್ಯೂ ಕಂಪನಿ ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್ ಕಿಟ್ ಮಾಡುತ್ತದೆ. ಡ್ಯಾಂಪರ್ ಬಿಎಂಡಬ್ಲ್ಯೂ ಕೊಟ್ಟದ್ದೇ ಉಳಿಯುತ್ತದೆ, ಸ್ಪ್ರಿಂಗ್ ಮಾತ್ರ ಬದಲು. ಮಳೆಗಾಲಕ್ಕೆ ಸ್ವಲ್ಪ ಏರಿಸಿಕೊಳ್ಳಬಹುದು. ಥರ್ಮಾಕೋಲ್ ಉಳಿದರೆ ನನ್ನ ಓಟು ಇದಕ್ಕೆ. ಟ್ರ್ಯಾಕಿನ ಆಸೆಗೆ ಈಗಲೇ ಕಾಯಿಲ್‌ಓವರ್ ಬೇಡ. ಮೊದಲು ಬ್ರೇಕ್ ಪ್ಯಾಡು, ಬ್ರೇಕ್ ಆಯಿಲ್ ಬದಲಿಸಿ ಕೊಯಮತ್ತೂರಿನ ಕರಿ ಟ್ರ್ಯಾಕಿಗೋ ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈಗೋ ಹೋಗಿ ಬನ್ನಿ.

ಯಾವುದೇ ಹಾಕಿಸಿ, ಸ್ಪ್ರಿಂಗ್ ಕೂತ ಮೇಲೆ ವ್ಹೀಲ್ ಅಲೈನ್‌ಮೆಂಟ್ ಮಾಡಿಸಿ. ಟೋ, ಅಂದರೆ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ತಪ್ಪಿದರೆ ಟೈರಿನ ಒಳಅಂಚು ಸವೆದುಹೋಗುತ್ತದೆ, ಹೊರಗಿನಿಂದ ಕಾಣುವುದೇ ಇಲ್ಲ. ಹಿಂಚಕ್ರದ 285/30 ಟೈರಿನ ಬೆಲೆ ನಿಮಗೇ ಗೊತ್ತು. ಹೆಡ್‌ಲೈಟಿನ ಮಟ್ಟವನ್ನೂ ನೋಡಿಸಿ. ಇನ್ಶೂರೆನ್ಸ್‌ನವರಿಗೆ ಬರವಣಿಗೆಯಲ್ಲಿ ತಿಳಿಸಿ. ಆರ್‌ಸಿ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವಂಥ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಹಾಗಾಗಿ ಹಳೆಯ ಸ್ಪ್ರಿಂಗ್ ಮಾರಬೇಡಿ.

ಪ್ರಶ್ನೆ: ನಾನು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ಸೆಕೆಂಡ್ ಹ್ಯಾಂಡ್ ಪೋರ್ಶೆ ಬಾಕ್ಸ್‌ಸ್ಟರ್ ತಗೊಂಡೆ. ಯಾರೋ ಬಳಸಿದ ಲೋವರಿಂಗ್ ಸ್ಪ್ರಿಂಗ್ ಅಗ್ಗಕ್ಕೆ ಸಿಗುತ್ತಿದೆ. ತಗೊಳ್ಳಲೇ?
– ಓದುಗರು

ಉತ್ತರ: ಜೊತೆಗೆ ಟೈಲೆಗುಟಾಖ್ಟನ್ ಪತ್ರ (ಆ ಭಾಗ ಯಾವ ಗಾಡಿಗೆ ಸರಿ ಅಂತ ಹೇಳುವ ತಜ್ಞರ ವರದಿ) ಕೊಡುತ್ತಾರಾ ಕೇಳಿ. ಪತ್ರದಲ್ಲಿ ನಿಮ್ಮದೇ ಮಾಡೆಲ್ ಇರಬೇಕು. ಸ್ಪ್ರಿಂಗ್ ಮೇಲಿನ ನಂಬರ್ ಓದುವಂತಿರಬೇಕು. ಹಾಕಿಸಿದ ಕೂಡಲೇ ವಾಹನ ತಪಾಸಣೆ ಮಾಡುವ ಟ್ಯೂವ್ ಅಥವಾ ಡೆಕ್ರಾ ಸಂಸ್ಥೆಯ ಇನ್ಸ್‌ಪೆಕ್ಟರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ, ಇಲ್ಲದಿದ್ದರೆ ಗಾಡಿ ರಸ್ತೆಗಿಳಿಸುವ ಅನುಮತಿಗೇ ಕುತ್ತು. ತುಕ್ಕು ಹಿಡಿದು ನಂಬರ್ ಅಳಿಸಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.