ಸೀಲಿಯಾಗೆ ಬೇರೆ ದಾರಿ ಇತ್ತಾ?

"ಸೀಲಿಯಾ ಯಜಮಾನನನ್ನು ಕೊಲ್ಲುವ ಬದಲು ಓಡಿಹೋಗಬಹುದಿತ್ತಲ್ವಾ?" ಅಂತ ಕೇಳಿದ್ದೀರಿ. ಅಮೆರಿಕದಲ್ಲಿ ಗುಲಾಮಳಾಗಿದ್ದ ಅವಳು ನಿಂತಿದ್ದ ಜಾಗವನ್ನು ಒಮ್ಮೆ ನೋಡಿ.

1850ರಲ್ಲಿ ಮಿಸೌರಿಯ ರಾಬರ್ಟ್ ನ್ಯೂಸಮ್ ಅವಳನ್ನು ಕೊಂಡಾಗ ಅವಳಿಗೆ ಸುಮಾರು 14 ವರ್ಷ. ಮನೆಗೆ ಕರೆತರುವ ದಾರಿಯಲ್ಲೇ ಅತ್ಯಾಚಾರ ಮಾಡಿದ. 1855ರ ಹೊತ್ತಿಗೆ ಎರಡು ಮಕ್ಕಳು, ಹೊಟ್ಟೆಯಲ್ಲಿ ಇನ್ನೊಂದು. ಕೂಸುಗಳನ್ನು ಕಟ್ಟಿಕೊಂಡು ಬಸುರಿ ಎಲ್ಲಿಗೆ ಓಡಬೇಕು? ಅವಳ ಜೊತೆಗಾರ ಜಾರ್ಜ್ ಕೂಡ ಗುಲಾಮ. ನ್ಯೂಸಮ್‌ನ ಸಹವಾಸ ಬಿಡದಿದ್ದರೆ ನಿನ್ನನ್ನೇ ಬಿಡುತ್ತೇನೆ ಎಂದ. ಬಿಡುವುದು ಅವಳ ಕೈಯಲ್ಲಿತ್ತಾ? ನ್ಯೂಸಮ್‌ನ ಹೆಣ್ಣುಮಕ್ಕಳ ಹತ್ತಿರವೂ ಹೇಳಿಕೊಂಡಳು. ಏನೂ ಆಗಲಿಲ್ಲ.

ಜೂನ್ 23ರ ರಾತ್ರಿ ಅವನು ಮತ್ತೆ ಬಂದ. ದೊಣ್ಣೆಯಿಂದ ಹೊಡೆದಳು. ಹೆಣವನ್ನು ತನ್ನ ಗುಡಿಸಲಿನ ಬೆಂಕಿಗೂಡಿನಲ್ಲೇ ಸುಟ್ಟಳು. ಮರುದಿನ ಅವನ ಮೊಮ್ಮಗನಿಗೇ ಅಕ್ರೋಟು ಕೊಟ್ಟು ಬೂದಿ ಹೊರಹಾಕಿಸಿದಳು. ಇದನ್ನು ಓದಿ ನನಗೂ ಮೈ ಜುಮ್ ಎಂದಿತು. ಆದರೂ ಅವಳನ್ನು ದೂರಲು ಮನಸ್ಸು ಬರುವುದಿಲ್ಲ.

ನನ್ನನ್ನು ಜಾಸ್ತಿ ಕಾಡುವುದು ಕೋರ್ಟು. ಮಿಸೌರಿ ಕಾನೂನು "ಯಾವುದೇ ಹೆಂಗಸಿಗೆ" ಬಲಾತ್ಕಾರದಿಂದ ರಕ್ಷಣೆ ಕೊಡುತ್ತಿತ್ತು. ಇವಳೂ ಹೆಂಗಸೇ ಅಲ್ವಾ ಎಂದು ವಕೀಲರು ವಾದಿಸಿದರು. ಜಡ್ಜ್ ಅದನ್ನು ಜ್ಯೂರಿಗೆ ಹೇಳಲು ಒಪ್ಪಲಿಲ್ಲ. ಜೈಲಿನಲ್ಲೇ ಸತ್ತ ಮಗು ಹುಟ್ಟಿತು. ಡಿಸೆಂಬರ್ 21ರಂದು ಅವಳನ್ನು ಗಲ್ಲಿಗೇರಿಸಿದರು. ಆಗ ಅವಳಿಗೆ ಇನ್ನೂ ಇಪ್ಪತ್ತರ ಆಸುಪಾಸು.