ಷುಲ್ಟೆ ಎಂಬ ಜರ್ಮನ್ ಕುಲನಾಮದ ಮೂಲ ಊರು ಯಾವುದು? ಆ ವಂಶದ ಲಾಂಛನ ಎಲ್ಲಿ ಸಿಗುತ್ತದೆ?

ಲಾಂಛನಕ್ಕೆ ದುಡ್ಡು ಹಾಕಬೇಡಿ. ನಾನು ಹಾಕಿ ಕೆಟ್ಟವಳು. ಮಾವನವರ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ, ತೆನೆ ಹಿಡಿದ ಸಿಂಹವಿರುವ ‘ಷುಲ್ಟೆ ವಂಶಲಾಂಛನ’ವನ್ನು ತರಿಸಿ, ಕಟ್ಟು ಹಾಕಿಸಿ ಕೊಟ್ಟೆ. ಅವರು ಸಭ್ಯರು, ಗೋಡೆಗೆ ತೂಗುಹಾಕಿದರು. ನೆಲಮಾಳಿಗೆಯ ಗೋಡೆಗೆ.

ನನ್ನ ಗಂಡನ ಮನೆಯವರೂ ಷುಲ್ಟೆಗಳೇ; ಜರ್ಮನಿಯ ವಾಯವ್ಯಕ್ಕಿರುವ ವೆಸ್ಟ್‌ಫಾಲಿಯಾದ ಮ್ಯೂನ್‌ಸ್ಟರ್ ಕಡೆಯ ಕ್ಯಾಥೊಲಿಕ್ ರೈತರು. ಷುಲ್ಟ್‌ಹೈಸ್ ಎಂಬ ಹಳೆಯ ಪದ ಸವೆದು ಷುಲ್ಟೆ ಆಗಿದೆ. ‘ಬಾಕಿ ಸಲ್ಲಿಸು’ ಎಂದು ಅಪ್ಪಣೆ ಮಾಡುವವನು ಎಂದರ್ಥ. ಒಡೆಯನ ಪರವಾಗಿ ಗೇಣಿ ಎತ್ತುತ್ತಿದ್ದ ದೊಡ್ಡ ಒಕ್ಕಲು, ನಮ್ಮ ಪಟೇಲನಿದ್ದಂತೆ. ಇದೇ ಪದ ಜರ್ಮನಿಯ ಪೂರ್ವದಲ್ಲಿ ಷುಲ್ಟ್ಸ್, ಇಂದು ಬಹುಪಾಲು ಪೋಲೆಂಡಿನಲ್ಲಿರುವ ಸೈಲೀಷಿಯಾದಲ್ಲಿ ಷೋಲ್ಟ್ಸ್. ಊರೂರಿಗೂ ಪಟೇಲನಿದ್ದ ಮೇಲೆ ಪಟೇಲರೆಲ್ಲರ ಮೂಲ ಊರು ಯಾವುದು ಎಂದು ಕೇಳಿದರೆ ಏನು ಹೇಳುವುದು? ನಿಮ್ಮ ಪ್ರಶ್ನೆಯೂ ಹಾಗೆಯೇ ಇದೆ. ಅದನ್ನೇ ಕೇಳಿಕೊಂಡು ನಾನು ಎರಡು ವರ್ಷ ಕಳೆದೆ.

ನಡೆದದ್ದು ಇಷ್ಟು. ಮಗನಿಂದ ತಂದೆಗೆ, ತಂದೆಯಿಂದ ಅಜ್ಜನಿಗೆ ಎಂದು ಷುಲ್ಟೆ ಹೆಸರನ್ನೇ ಹಿಡಿದು ಹಿಂದಕ್ಕೆ ನಡೆದೆ. ಹದಿನೆಂಟನೆಯ ಶತಮಾನದ ಒಂದು ಮದುವೆಯ ದಾಖಲೆಯವರೆಗೆ ದಾರಿ ಸಲೀಸಾಗಿತ್ತು. ಆ ವರನ ದೀಕ್ಷಾಸ್ನಾನದ ದಾಖಲೆ ಮಾತ್ರ ಸಿಗಲಿಲ್ಲ. ಅಕ್ಕಪಕ್ಕದ ಊರುಗಳ ಚರ್ಚ್ ಪುಸ್ತಕಗಳಲ್ಲಿದ್ದ ಷುಲ್ಟೆಗಳನ್ನೆಲ್ಲ ಜಾಲಾಡಿದೆ. ಅವನ ಹೆಸರನ್ನು ಪಾದ್ರಿ ಲ್ಯಾಟಿನ್‌ನಲ್ಲಿ ‘ಹೆನ್ರಿಕುಸ್ ಕೆಂಪರ್ ಡಿಕ್ಟುಸ್ ಷುಲ್ಟೆ’ ಎಂದು ಬರೆದಿದ್ದ. ‘ಡಿಕ್ಟುಸ್’ ಎಂದರೆ ಬೆನೆಡಿಕ್ಟುಸ್ ಎಂಬ ಸಂತನ ಹೆಸರಿನ ಮೊಟಕು ರೂಪ, ಕೆಂಪರ್ ನಡುವಿನ ಇನ್ನೊಂದು ಹೆಸರು, ಕೊನೆಯ ಪದವೇ ಕುಲನಾಮ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ನನ್ನ ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗದಲ್ಲಿರುವುದು ಅಪ್ಪನ ಹೆಸರು. ಅಪ್ಪನ ಹೆಸರಿನ ಹಿಂದಿರುವುದು ಊರಿನ ಹೆಸರು. ಅಂಥ ಮನೆಯಲ್ಲಿ ಹುಟ್ಟಿದವಳಿಗೇ ಈ ಕುರುಡು!

ದಾಖಲೆ ಕೋಣೆಯಲ್ಲಿ ಪಕ್ಕದ ಮೇಜಿನಲ್ಲಿದ್ದ ಮುದುಕರೊಬ್ಬರು ಇಣುಕಿ ನೋಡಿ ಅರ್ಧ ನಿಮಿಷದಲ್ಲಿ ಗಂಟು ಬಿಡಿಸಿದರು. ಡಿಕ್ಟುಸ್ ಎಂದರೆ ‘ಎಂದು ಕರೆಯಲ್ಪಡುವ’. ಜರ್ಮನ್‌ನಲ್ಲಿ ಗೆನಾಂಟ್. ಆ ಸೀಮೆಯಲ್ಲಿ ಹೆಸರು ರಕ್ತದ್ದಲ್ಲ, ಒಕ್ಕಲುಮನೆಯದು. ವಾರಸುದಾರಳನ್ನು ಮದುವೆಯಾಗಿ ಮನೆ ಅಳಿಯನಾಗಿ ಬಂದವನು ಆ ಮನೆಯ ಹೆಸರನ್ನೇ ಹೊರುತ್ತಿದ್ದ. ನಮ್ಮ ಹೆನ್ರಿಕುಸ್ ಹುಟ್ಟಾ ಕೆಂಪರ್. ಷುಲ್ಟೆ ಮನೆಯವಳು ಮದುಮಗಳು. ಅವಳ ದೀಕ್ಷಾಸ್ನಾನದ ದಾಖಲೆ ನಾನು ನೂರು ಸಲ ಮಗುಚಿದ ಪುಸ್ತಕದಲ್ಲಿಯೇ ಇತ್ತು. ಹೆಂಗಸರ ಸಾಲನ್ನು ನಾನು ಓದಿರಲೇ ಇಲ್ಲ.

ಆದ್ದರಿಂದ ಹೆಸರಿನ ಮೂಲ ಹುಡುಕಬೇಡಿ, ಜನರನ್ನು ಹುಡುಕಿ. ಮೊದಲು ಅತ್ತೆಯ ಮನೆಯ ಬೀರು ತೆಗೆಸಿ. ನಾಜಿ ಕಾಲದಲ್ಲಿ ‘ಆರ್ಯ’ ಮೂಲವನ್ನು ಸಾಬೀತುಪಡಿಸಲು ಮಾಡಿಸಿದ ಆನೆನ್‌ಪಾಸ್ ಎಂಬ ವಂಶಪುಸ್ತಿಕೆ ಅನೇಕ ಮನೆಗಳಲ್ಲಿ ಇನ್ನೂ ಉಳಿದಿದೆ. ಹುಟ್ಟಿದ್ದೇ ಕೆಟ್ಟ ಕಾರಣಕ್ಕೆ, ಆದರೂ ಹೆಸರು, ದಿನಾಂಕಗಳು ಸಿಗುತ್ತವೆ. ವೆಸ್ಟ್‌ಫಾಲಿಯಾ ಆಗ ಸೇರಿದ್ದ ಪ್ರಷ್ಯಾ ರಾಜ್ಯದಲ್ಲಿ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ ಶುರುವಾದದ್ದು 1874ರ ಅಕ್ಟೋಬರ್ 1ರಂದು. ಅದಕ್ಕಿಂತ ಹಿಂದಿನದಕ್ಕೆ ಚರ್ಚ್ ಪುಸ್ತಕಗಳೇ ಗತಿ. ಮ್ಯೂನ್‌ಸ್ಟರ್ ಧರ್ಮಪ್ರಾಂತ್ಯದ ಪುಸ್ತಕಗಳನ್ನು ಮಾಟ್ರಿಕುಲಾ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಡಿಕ್ಟುಸ್, ಗೆನಾಂಟ್, ಅಲಿಯಾಸ್ ಕಂಡರೆ ಅಲ್ಲಿಯೇ ನಿಲ್ಲಿ. ವರನ ಹೆಸರಾದರೆ, ಆ ಪದದ ಎಡಕ್ಕಿರುವುದು ಸಾಮಾನ್ಯವಾಗಿ ಅವನು ಹುಟ್ಟಿದ ಮನೆ.