ಕಾರ್ನ್ ಸ್ನೇಕ್ ಪೊರೆ ತುಂಡುತುಂಡಾಗಿ ಬರ್ತಿರೋದಕ್ಕೆ

ನಿಮ್ಮ ಕಾರ್ನ್ ಸ್ನೇಕ್ (ಮನೆಯಲ್ಲಿ ಸಾಕುವ, ವಿಷವಿಲ್ಲದ ಹಾವು) ಪೊರೆ ಬಿಡುವಾಗ ಅದು ತುಂಡಾಗಿ, ಬಾಲದ ತುದಿಯಲ್ಲೂ ಒಂದು ಕಣ್ಣಿನ ಮೇಲೂ ಉಳಿದಿದೆ ಅಂದಿದ್ದೀರಿ. ಬಹುಶಃ ಒಣ ಗಾಳಿಯೇ ಕಾರಣ. ರಾಯಚೂರಿನ ಏಪ್ರಿಲ್, ಮೇಲೆ ರಾತ್ರಿಯಿಡೀ ಎಸಿ. ಪೆಟ್ಟಿಗೆಯೊಳಗೆ ತೇವ ಎಲ್ಲಿಂದ ಬರಬೇಕು?

ಮೊದಲು ಮುಚ್ಚಳಕ್ಕೆ ತೂತು ಹಾಕಿದ ಡಬ್ಬಿಯಲ್ಲಿ ಅರ್ಧ ಮೈ ಮುಳುಗುವಷ್ಟೇ ನೀರು ಹಾಕಿ. 28–30 ಡಿಗ್ರಿ ಇರಲಿ, ಮುಟ್ಟಿದರೆ ಬಿಸಿ ಅನ್ನಿಸಬಾರದು. ಹಾವನ್ನು 20 ನಿಮಿಷ ಅದರಲ್ಲಿ ಬಿಡಿ, ಪಕ್ಕದಲ್ಲೇ ಕೂತಿರಿ. ಆಮೇಲೆ ಒದ್ದೆ ಟವೆಲ್ ಮಡಿಕೆಯೊಳಗೆ ನುಸುಳಲು ಬಿಡಿ, ಪೊರೆ ಉಜ್ಜಿಕೊಂಡು ಬರುತ್ತೆ. ಬಾಲದ ತುದಿಯಲ್ಲಿ ಉಂಗುರದಂತೆ ಉಳಿದ ಪೊರೆ ಕಳಚಲೇಬೇಕು. ಇಲ್ಲದಿದ್ದರೆ ರಕ್ತ ಓಡದೆ ತುದಿ ಕಪ್ಪಾಗಿ ಉದುರಬಹುದು. ಒಂದೇ ಸಲಕ್ಕೆ ಬರದಿದ್ದರೆ ನಾಳೆ ಮತ್ತೆ ನೆನೆಸಿ, ಎಳೆಯಬೇಡಿ. ಕಣ್ಣಿಗಂತೂ ಉಗುರು, ಚಿಮಟ ಯಾವುದೂ ಬೇಡ. ನನ್ನ ಹಾವಿಗೆ ಮುಂದಿನ ಪೊರೆಯ ಜೊತೆ ಕಣ್ಣಿನದೂ ಬಂತು.

ನಂತರ ಐಸ್‌ಕ್ರೀಂ ಡಬ್ಬಿಗೆ ಬಾಗಿಲು ಕೊರೆದು, ನೆನೆಸಿ ಹಿಂಡಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿ ಹಾವಿನ ಪೆಟ್ಟಿಗೆಯೊಳಗಿಡಿ. ಉಳಿದ ಜಾಗ ಒಣಗಿರಲಿ, ಇಲ್ಲದಿದ್ದರೆ ಹೊಟ್ಟೆಯ ಚರ್ಮ ಕೊಳೆಯುತ್ತೆ. ಮೀಟರಿನಲ್ಲಿ ತೇವಾಂಶ ಶೇ. 40–60 ಸಾಕು.

ನೀರಿನ ಬಟ್ಟಲಲ್ಲಿ ಸಾಸಿವೆಗಿಂತ ಸಣ್ಣ ಕರಿ ಚುಕ್ಕೆಗಳು ಕಂಡರೆ ಅದು ನುಸಿ, ಒಣ ಗಾಳಿ ಅನ್ನೋ ನನ್ನ ಊಹೆ ತಪ್ಪು. ಹಾಗಾದರೆ, ಅಥವಾ ಮುಂದಿನ ಸಲವೂ ಕಣ್ಣಿನ ಪೊರೆ ಉಳಿದರೆ, ಹಾವು ನೋಡುವ ಪಶುವೈದ್ಯರಿಗೇ ತೋರಿಸಿ.